ವಾರ್ಡ್ ನರ್ಸ್ ಆರೈಕೆ ಸಂಯೋಜಕರಾಗಲು ಹೇಗೆ ಸಿದ್ಧರಾಗಬೇಕು?

ಆರೈಕೆ ಸಂಯೋಜನೆ, ಅಂದರೆ ಆಸ್ಪತ್ರೆಯಿಂದ ಮನೆಯವರೆಗೆ ರೋಗಿಯ ಆರೈಕೆ ಕಡಿಯದಂತೆ ನೋಡಿಕೊಳ್ಳುವ ಕೆಲಸ, ಡಿಸ್ಚಾರ್ಜ್ ದಿನದ ಕಾಗದಪತ್ರವಷ್ಟೇ ಎಂದು ಹಲವರು ಭಾವಿಸುತ್ತಾರೆ; ವಾಸ್ತವವಾಗಿ ಅದು ರೋಗಿ ದಾಖಲಾದ ದಿನವೇ ಆರಂಭವಾಗಬೇಕು. ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಮೆಟ್ಟಿಲು ಹತ್ತಬೇಕೇ, ಮಾತ್ರೆ ಕೊಳ್ಳುವ ಶಕ್ತಿಯಿದೆಯೇ ಎಂಬುದನ್ನು ಮೊದಲ ಪಾಳಿಯಲ್ಲೇ ಕೇಳಿ ಬರೆದಿಡುವ ನರ್ಸ್, ಹುದ್ದೆಯ ಹೆಸರು ಬದಲಾಗುವ ಮೊದಲೇ ಈ ಕೆಲಸಕ್ಕೆ ಕಾಲಿಟ್ಟಿರುತ್ತಾರೆ. 1893ರಲ್ಲಿ ನ್ಯೂಯಾರ್ಕಿನ ಬಡವರ ಮನೆಗಳಿಗೇ ಹೋಗಿ ಶುಶ್ರೂಷೆ ಆರಂಭಿಸಿದ ಲಿಲಿಯನ್ ವಾಲ್ಡ್ ಕೂಡ ಕಾಯಿಲೆಯನ್ನು ಮನೆಯ ಪರಿಸ್ಥಿತಿಯಿಂದ ಬೇರ್ಪಡಿಸಿ ನೋಡಲಿಲ್ಲ.

ಆದ್ದರಿಂದ ಅರ್ಜಿ ಹಾಕುವ ಮುನ್ನ ಈಗಿರುವ ವಾರ್ಡಿನಲ್ಲೇ ಡಿಸ್ಚಾರ್ಜ್ ಜವಾಬ್ದಾರಿಯನ್ನು ಕೇಳಿ ಪಡೆಯಿರಿ. ಮೊದಲು ಕಲಿಯಬೇಕಾದದ್ದು ಔಷಧ ಪಟ್ಟಿಗಳನ್ನು ತಾಳೆ ನೋಡುವುದು. ಹೃದಯ ವೈಫಲ್ಯದ ರೋಗಿಯ ಮನೆಯಲ್ಲಿ, ದೇಹದ ಹೆಚ್ಚುವರಿ ನೀರನ್ನು ಮೂತ್ರದ ಮೂಲಕ ಹೊರಹಾಕುವ ಫ್ಯೂರೊಸೆಮೈಡ್ ಮಾತ್ರೆ ಒಂದು ಕಂಪನಿಯ ಹೆಸರಿನಲ್ಲಿರುತ್ತದೆ, ಆಸ್ಪತ್ರೆ ಬರೆದುಕೊಟ್ಟದ್ದು ಇನ್ನೊಂದರ ಹೆಸರಿನಲ್ಲಿರುತ್ತದೆ; ಎರಡೂ ಒಂದೇ ಎಂದು ಯಾರೂ ಹೇಳದಿದ್ದರೆ ಅವರು ಎರಡನ್ನೂ ನುಂಗಬಹುದು, ಆಗ ದೇಹದ ನೀರು ಮತ್ತು ಪೊಟ್ಯಾಸಿಯಂ ಕುಸಿದು ತಲೆಸುತ್ತಿ ಬೀಳುವ ಅಪಾಯವಿದೆ. ಮನೆಯ ಮಾತ್ರೆಗಳನ್ನೆಲ್ಲ ತರಿಸಿ, ಮೇಜಿನ ಮೇಲೆ ಹರವಿ, ಒಂದೊಂದನ್ನೂ ಹೊಸ ಪಟ್ಟಿಯೊಂದಿಗೆ ಹೋಲಿಸಿ, ಸಂದೇಹವಿದ್ದಲ್ಲಿ ವೈದ್ಯರಿಂದ ತೀರ್ಮಾನ ಬರೆಸಿಕೊಳ್ಳಿ. ವಿವರಿಸಿದ ಮೇಲೆ ‘ಅರ್ಥವಾಯಿತೇ’ ಎಂದರೆ ರೋಗಿಗಳು ಸಾಮಾನ್ಯವಾಗಿ ತಲೆಯಾಡಿಸಿಬಿಡುತ್ತಾರೆ. ‘ತೂಕ ದಿಢೀರನೆ ಏರಿದರೆ ಏನು ಮಾಡುತ್ತೀರಿ, ನೀವೇ ಹೇಳಿ’ ಎಂದು ಕೇಳಿದಾಗ ಬಿಟ್ಟುಹೋದದ್ದು ಹೊರಬೀಳುತ್ತದೆ.

ಮನೆಗೆ ಹೋದ ಎರಡು ಮೂರು ದಿನಗಳಲ್ಲಿ ಫೋನ್ ಮಾಡುವ ಪದ್ಧತಿ ನಿಮ್ಮ ವಾರ್ಡಿನಲ್ಲಿ ಇಲ್ಲದಿದ್ದರೆ, ಮೇಲ್ವಿಚಾರಕರ ಒಪ್ಪಿಗೆ ಪಡೆದು ಆರಂಭಿಸಿ. ಬಿಡುಗಡೆಯಾದ 30 ದಿನಗಳೊಳಗೆ ರೋಗಿ ಮತ್ತೆ ದಾಖಲಾದರೇ ಎಂಬುದು ಸಂಯೋಜಕರ ಕೆಲಸವನ್ನು ಅಳೆಯಲು ವ್ಯಾಪಕವಾಗಿ ಬಳಸುವ ಮಾಪಕಗಳಲ್ಲೊಂದು. ವೈದ್ಯರೊಂದಿಗೆ ಮಾತಾಡುವಾಗ ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ನಿಮ್ಮ ಸಲಹೆ ಎಂಬ ಎಸ್‌ಬಾರ್ ಕ್ರಮವನ್ನು ರೂಢಿಸಿಕೊಳ್ಳಿ. ಕೊನೆಯ ಭಾಗವನ್ನು ಹೇಳಲು ಹಿಂಜರಿಯುವ ಅಭ್ಯಾಸವನ್ನು ಬಿಡಲೇಬೇಕು, ಏಕೆಂದರೆ ಸಂಯೋಜಕರಿಂದ ಎಲ್ಲರೂ ನಿರೀಕ್ಷಿಸುವುದು ಅದನ್ನೇ.

ವಿದ್ಯಾರ್ಹತೆಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸಿಸಿಎಂ (ಸರ್ಟಿಫೈಡ್ ಕೇಸ್ ಮ್ಯಾನೇಜರ್) ಪ್ರಮಾಣಪತ್ರಕ್ಕೆ ಮನ್ನಣೆಯಿದೆ. ಆದರೂ ಪ್ರಮಾಣಪತ್ರದ ಆತುರದಲ್ಲಿ ವಾರ್ಡನ್ನು ಬೇಗ ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ: ಫೋನಿನಲ್ಲಿ ಕೇಳುವ ಏದುಸಿರಿನ ತೀವ್ರತೆಯನ್ನು ಗುರುತಿಸುವ ಕಿವಿ ಹಾಸಿಗೆಯ ಪಕ್ಕದಲ್ಲೇ ಪಳಗುತ್ತದೆ. ಸಂದರ್ಶನಕ್ಕೆ ಹೋಗುವಾಗ ಒಬ್ಬ ರೋಗಿಯ ಪ್ರಕರಣವನ್ನು, ಗುರುತು ಬಿಟ್ಟುಕೊಡದೆ, ದಾಖಲಾತಿಯಿಂದ ಮನೆಯವರೆಗೆ ಪೂರ್ತಿ ವಿವರಿಸುವಂತೆ ಸಿದ್ಧರಾಗಿರಿ.