ದಾವಣಗೆರೆ–ಚಿತ್ರದುರ್ಗದ ನೆಲದಲ್ಲಿ ಗುಲಾಬಿ: ನೆಡುವ ಕಾಲ, ಆರಿಸುವ ತಳಿ

ನರ್ಸರಿಯಿಂದ ತಂದ ಗುಲಾಬಿ ಎರಡು ಹೂ ಬಿಟ್ಟು ಒಣಗಿತು ಎಂಬ ದೂರು ನಮ್ಮ ಕಡೆ ಎಲ್ಲರ ಮನೆಯದ್ದೂ ಹೌದು. ಬಹಳಷ್ಟು ಸಲ ರೋಗವೂ ಕಾರಣವಲ್ಲ, ಔಷಧಿಯ ಕೊರತೆಯೂ ಅಲ್ಲ. ಮಣ್ಣಿಗೆ ಹೊಂದದ ತಿಂಗಳಲ್ಲಿ ನೆಟ್ಟಿರುತ್ತೇವೆ. ಭದ್ರಾ ನಾಲೆಯ ಕೆಳಗಿನ ಎರೆಮಣ್ಣಿಗೂ ಹೊಸದುರ್ಗ, ಹೊಳಲ್ಕೆರೆ ಕಡೆಯ ಕೆಂಪು ಮಣ್ಣಿಗೂ ಒಂದೇ ಕ್ಯಾಲೆಂಡರ್ ನಡೆಯುವುದಿಲ್ಲ.

ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿದು ಹೋಗುತ್ತದೆ. ಅಲ್ಲಿ ಆರಿದ್ರಾ ಮಳೆಯಿಂದ ಪುಷ್ಯದವರೆಗೆ, ಅಂದರೆ ಜೂನ್ ಕೊನೆಯಿಂದ ಜುಲೈ ಪೂರ್ತಿ ನೆಡಬಹುದು. ಮೋಡದ ವಾತಾವರಣದಲ್ಲಿ ಎಲೆ ಬಾಡುವುದಿಲ್ಲ, ಅಷ್ಟರಲ್ಲಿ ಬೇರು ಇಳಿಯುತ್ತದೆ. ಎರೆಮಣ್ಣಿನಲ್ಲಿ ಇದೇ ಕೆಲಸ ಜುಲೈನಲ್ಲಿ ಮಾಡಿದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಲ್ಲಿ ಹಸ್ತಾ, ಚಿತ್ತೆ ಮಳೆ ಮುಗಿಯುವವರೆಗೆ ತಾಳಿ, ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ ಕೊನೆಯೊಳಗೆ ನೆಡುವುದು ಒಳ್ಳೆಯದು. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಕಡೆಯವರು ಮುಂಗಾರು ನಂಬಿ ಕೂರಬೇಡಿ. ಅಲ್ಲಿ ನೆಲ ನಿಜವಾಗಿ ತೋಯುವುದು ಸೆಪ್ಟೆಂಬರ್ ಮಳೆಗೆ. ಉತ್ತರೆಯ ಹದ ನೋಡಿ ನೆಟ್ಟರೆ ಚಳಿಗಾಲವಿಡೀ ಗಿಡಕ್ಕೆ ಸಿಗುತ್ತದೆ.

ಶಿವರಾತ್ರಿ ಕಳೆದ ಮೇಲೆ ನೆಲಕ್ಕೆ ನೆಡಲೇಬೇಡಿ. ನರ್ಸರಿಗಳಲ್ಲಿ ಆಗಲೂ ಹೂ ತುಂಬಿದ ಗಿಡ ಸಿಗುತ್ತವೆ, ಆಸೆಯೂ ಆಗುತ್ತದೆ. ಆದರೆ ಮಾರ್ಚ್‌ನ ಒಣಗಾಳಿ ಎಲೆಯಿಂದ ಎಳೆಯುವಷ್ಟು ನೀರನ್ನು ಹೊಸ ಬೇರು ಒದಗಿಸಲಾರದು. ಕೊಂಡಿದ್ದೇ ಆದರೆ ಮಳೆಗಾಲದವರೆಗೆ ಕುಂಡದಲ್ಲೇ, ಮಧ್ಯಾಹ್ನ ನೆರಳು ಬೀಳುವ ಕಡೆ ಇಟ್ಟುಕೊಳ್ಳಿ.

ತಳಿ ಆರಿಸುವಾಗ ಬಣ್ಣಕ್ಕಿಂತ ಮೊದಲು ಹೂ ಯಾತಕ್ಕೆ ಎಂದು ಯೋಚಿಸಿ. ದಿನವೂ ದೇವರಿಗೆ, ಮುಡಿಗೆ, ಮಾಲೆಗೆ ಬೇಕಾದರೆ ಬಟನ್ಸ್ ಗುಲಾಬಿ ಅಥವಾ ಮಿರಾಬುಲ್ ಹಾಕಿ. ಹೂ ಚಿಕ್ಕದಾದರೂ ಗೊಂಚಲಾಗಿ, ವರ್ಷದ ಹೆಚ್ಚು ದಿನ ಬಿಡುತ್ತದೆ. ಪರಿಮಳವೇ ಮುಖ್ಯ ಎನ್ನುವವರಿಗೆ ಪನ್ನೀರು ಗುಲಾಬಿಗೆ ಸಮನಾದದ್ದು ಇನ್ನೊಂದಿಲ್ಲ. ಅದರ ದಳ ಬೇಗ ಉದುರುತ್ತದೆ, ಹೂದಾನಿಗೆ ಆಗದು, ಗುಲ್ಕಂದಕ್ಕೆ ಬಲು ಚೆನ್ನ. ನಮ್ಮ ಬಿಸಿಲು, ಬೋರ್ ನೀರು ಎರಡನ್ನೂ ತಡೆದುಕೊಳ್ಳುವುದರಲ್ಲಿ ಈ ನಾಟಿ ಬಗೆಗಳೇ ಮುಂದು. ಮೊದಲ ಸಲ ಗುಲಾಬಿ ಬೆಳೆಸುವವರು ಇವುಗಳಿಂದಲೇ ಶುರು ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಪನ್ನೀರು ಕಡ್ಡಿಯಿಂದಲೇ ಬರುತ್ತದೆ: ಪೆನ್ಸಿಲ್ ದಪ್ಪದ, ಏಳೆಂಟು ಇಂಚು ಉದ್ದದ ಬಲಿತ ಕಡ್ಡಿಯನ್ನು ಮಳೆಗಾಲದಲ್ಲಿ ನೆರಳಿನಲ್ಲಿ ಅರ್ಧ ಹೂತಿಟ್ಟರೆ ಸಾಕು.

ಉದ್ದ ಕಾಂಡಕ್ಕೆ ಒಂದೇ ದೊಡ್ಡ ಹೂ ಬಿಡುವವು ಹೈಬ್ರಿಡ್ ಟೀ ತಳಿಗಳು. ಕೆಂಪಿಗೆ ಗ್ಲಾಡಿಯೇಟರ್, ಗುಲಾಬಿ ಬಣ್ಣಕ್ಕೆ ಫಸ್ಟ್ ಪ್ರೈಜ್ ಹಳೆಯ, ಪಳಗಿದ ಹೆಸರುಗಳು. ಇವಕ್ಕೆ ಹತ್ತಿರದ ಗ್ರಾಂಡಿಫ್ಲೋರ ಗುಂಪಿನ ಕ್ವೀನ್ ಎಲಿಜಬೆತ್ ಕೂಡ ಗಟ್ಟಿ ಗಿಡ, ಎತ್ತರ ಬೆಳೆಯುತ್ತದೆ, ಬೇಲಿಯ ಪಕ್ಕಕ್ಕೆ ಒಪ್ಪುತ್ತದೆ. ಅಂಗಳದ ಅಂಚಿಗೆ ಗೊಂಚಲು ಹೂ ಬೇಕಾದರೆ ಫ್ಲೋರಿಬಂಡ ಗುಂಪಿನ ಬಿಳಿಯ ಐಸ್‌ಬರ್ಗ್ ತನ್ನಿ. ಹೂವಿನ ಅಂಗಡಿಯ ಡಚ್ ರೋಸ್ ನೋಡಿ ಮನಸೋತು ಅದರ ಸಸಿ ತರಬೇಡಿ. ಅವು ಪಾಲಿಹೌಸ್‌ಗೆಂದೇ ಬೆಳೆಸಿದವು. ಬಯಲಿನಲ್ಲಿ ಹೂ ಕುಗ್ಗುತ್ತದೆ, ಕಾಂಡ ಗಿಡ್ಡವಾಗುತ್ತದೆ.

ಜಾಗ ದಿನಕ್ಕೆ ಆರು ತಾಸು ಬಿಸಿಲು ಬೀಳುವಂಥದ್ದಿರಲಿ, ಮನೆಯ ಪೂರ್ವ ದಿಕ್ಕಾದರೆ ಇನ್ನೂ ಒಳ್ಳೆಯದು. ಪಶ್ಚಿಮದ ಗೋಡೆ ಸಂಜೆಯವರೆಗೂ ಕಾದು ಮೊಗ್ಗು ಸುಡುತ್ತದೆ.

ಕೆಂಪು ಮಣ್ಣಿನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಎರಡು ವಾರ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ 10 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 250 ಗ್ರಾಂ ಬೇವಿನ ಹಿಂಡಿ, 100 ಗ್ರಾಂ ಸೂಪರ್ ಫಾಸ್ಫೇಟ್ ಬೆರೆಸಿ ತುಂಬಿ, ಒಂದು ಮಳೆಗೆ ಕೂರಲು ಬಿಡಿ. ಅರೆಬರೆ ಕಳಿತ ತಿಪ್ಪೆ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದಂತೆಯೇ. ಎರೆಮಣ್ಣಿನಲ್ಲಿ ಇದೇ ಗುಂಡಿ ಬಾವಿಯಾಗುತ್ತದೆ: ಸುತ್ತಲಿನ ಜೇಡಿ ನೀರು ಬಿಡುವುದಿಲ್ಲ, ಒಳಗೆ ಇಳಿದದ್ದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಅಲ್ಲಿ ಕೆಂಪು ಮಣ್ಣು ತರಿಸಿ, ಮೂರು ಅಡಿ ಅಗಲ, ಒಂದು ಅಡಿ ಎತ್ತರದ ಮಡಿ ಕಟ್ಟಿ ಅದರ ಮೇಲೆ ನೆಡಿ. ಹೈಬ್ರಿಡ್ ಟೀಗೆ ಗಿಡದಿಂದ ಗಿಡಕ್ಕೆ ಎರಡೂವರೆ ಅಡಿ, ಪನ್ನೀರಿಗೆ ಕನಿಷ್ಠ ಮೂರೂವರೆ ಅಡಿ ಬಿಡಿ.

ನೆಡುವ ದಿನ ಗಮನ ಕೊಡಬೇಕಾದ್ದು ಬೇರಿನ ಮಣ್ಣುಂಡೆಗೆ. ಹೊರಗಿನಿಂದ ಬರುವ ಸಸಿಗಳ ಬೇರಿಗೆ ಹಲವು ಸಲ ಅಂಟು ಜೇಡಿಮಣ್ಣಿನ ಗಟ್ಟಿ ಉಂಡೆ ಇರುತ್ತದೆ. ಹಾಗೆಯೇ ಹೂತರೆ ಮೇಲೆ ಎಷ್ಟು ನೀರು ಸುರಿದರೂ ಉಂಡೆಯ ಒಳಗೆ ಇಳಿಯುವುದಿಲ್ಲ. ಗುಂಡಿ ಒದ್ದೆ, ಬೇರು ಒಣ. ಸತ್ತ ಗಿಡ ಕಿತ್ತು ನೋಡಿದರೆ ಉಂಡೆ ಇಟ್ಟಿಗೆಯಂತೆ ಹಾಗೇ ಇರುತ್ತದೆ, ಒಂದು ಬಿಳಿ ಬೇರೂ ಹೊರಬಂದಿರುವುದಿಲ್ಲ. ಉಂಡೆಯನ್ನು ಅರ್ಧ ತಾಸು ಬಕೆಟ್ ನೀರಿನಲ್ಲಿ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಿ, ಬೇರು ಹರಿಯದಂತೆ ಇಳಿಸಿ. ಕಣ್ಣು ಕಸಿಯ ಗಂಟು, ಅಂದರೆ ಕಾಡು ಗುಲಾಬಿಯ ಬುಡಕ್ಕೆ ತಳಿಯ ಕಣ್ಣು (ಚಿಗುರು ಮೊಗ್ಗು) ಕೂರಿಸಿದ ಜಾಗ, ನೆಲದಿಂದ ಎರಡು ಇಂಚು ಮೇಲೆ ಇರಲಿ. ಸಂಜೆ ನೆಟ್ಟು, ಇದ್ದ ಹೂ ಮೊಗ್ಗನ್ನೆಲ್ಲ ಚಿವುಟಿ ಹಾಕಿ. ಮನಸ್ಸು ಒಪ್ಪದಿದ್ದರೂ ಚಿವುಟಿ, ಬೇರಿಗೆ ಶಕ್ತಿ ಉಳಿಯಲಿ.

ನೀರಿಗೆ ಬೆರಳೇ ಅಳತೆ. ಎರಡು ಇಂಚು ಕೆಳಗೆ ಮಣ್ಣು ಒಣಗಿದ್ದರೆ ಗಿಡಕ್ಕೆ ನಾಲ್ಕೈದು ಲೀಟರ್ ಕೊಡಿ, ತೇವವಿದ್ದರೆ ಬೇಡ. ಸಂಜೆ ಎಲೆಯ ಮೇಲೆ ನೀರು ಹಾಯಿಸಬೇಡಿ, ಮಳೆಗಾಲದಲ್ಲಂತೂ ಕಪ್ಪು ಚುಕ್ಕೆ ರೋಗ ಇದಕ್ಕೇ ಕಾದಿರುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಎರೆಮಣ್ಣು ಮತ್ತು ಗಡಸು ಬೋರ್ ನೀರಿನಲ್ಲಿ ಸಾಮಾನ್ಯ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಬೆಳಗ್ಗೆ ಎಲೆಗೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಮೊಟ್ಟೆ ಚಿಪ್ಪು ಹಾಕುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸುಣ್ಣದಂಶ ಮೊದಲೇ ಹೆಚ್ಚಿರುವ ಎರೆಮಣ್ಣಿಗೆ ಅದು ಬೇಡ.

ಸವರುವುದು ಅಕ್ಟೋಬರ್‌ನಲ್ಲಿ, ಮಳೆ ನಿಂತ ಮೇಲೆ. ಒಣಗಿದ, ಒಳಮುಖ ಬೆಳೆದ ಕೊಂಬೆ ತೆಗೆದು, ಉಳಿದವನ್ನು ಹೊರಮುಖ ಕಣ್ಣಿನ ಕಾಲಿಂಚು ಮೇಲೆ ಓರೆಯಾಗಿ ಕತ್ತರಿಸಿ. ನೆಟ್ಟ ಮೊದಲ ವರ್ಷ ಬರೀ ಒಣಕಡ್ಡಿ ತೆಗೆದರೆ ಸಾಕು. ಸವರಿದ ಆರೇಳು ವಾರಕ್ಕೆ ಹೂ ಬರುತ್ತದೆ. ಸಂಕ್ರಾಂತಿಗೆ ಹೂ ಬೇಕೆನ್ನುವವರು ನವೆಂಬರ್ ಕೊನೆಗೆ ಕತ್ತರಿ ಹಿಡಿಯಬೇಕು. ಕತ್ತರಿಸಿದ ತುದಿಗೆ ಕಾಪರ್ ಆಕ್ಸಿಕ್ಲೋರೈಡ್ ಅನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಹಚ್ಚದಿದ್ದರೆ ತುದಿ ಕಪ್ಪಾಗಿ ಒಣಗುತ್ತಾ ಕೆಳಗಿಳಿಯಬಹುದು. ಹಾಗೆ ಇಳಿಯುತ್ತಿರುವುದು ಕಂಡರೆ, ಕಪ್ಪು ಮುಗಿದ ಜಾಗದಿಂದ ಎರಡು ಇಂಚು ಹಸಿರು ಸೇರಿಸಿಯೇ ಕತ್ತರಿಸಬೇಕು.

ಕಸಿ ಗಂಟಿನ ಕೆಳಗಿನಿಂದ ಚಿಗುರೊಂದು ಭರದಿಂದ ಎದ್ದರೆ ಖುಷಿಪಡಬೇಡಿ, ಅದು ಕಾಡು ಬೇರುಗಿಡದ್ದು. ಬುಡದ ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಸೀಳಿ ತೆಗೆಯಿರಿ. ನೆಲಮಟ್ಟಕ್ಕೆ ಕತ್ತರಿಸಿದರೆ ಒಂದಿದ್ದದ್ದು ಮೂರಾಗಿ ಏಳುತ್ತದೆ, ನೀವು ನೆಟ್ಟ ಗುಲಾಬಿ ಮೇಲೆ ಸೊರಗುತ್ತದೆ.