ಕೋಚಿಂಗಿಗೆ ಸೇರೋ ಮುಂಚೆ ಇಷ್ಟು ನೋಡ್ರಿ

ಪಿಯುಸಿ ಓದುವಾಗ ಮಾನ್ವಿಯಿಂದ ರಾಯಚೂರಿಗೆ ಸಂಜೆ ಕೋಚಿಂಗ್ ಅಂತ ಬಸ್ಸಿನಾಗ ಅಡ್ಡಾಡಿದವಳು ನಾನು. ರಾತ್ರಿ ಮನಿ ಸೇರಿ, ರೊಟ್ಟಿ ಕೈಯಾಗ ಹಿಡಕೊಂಡೇ ತೂಕಡಿಸ್ತಿದ್ದೆ. ಈಗ ತಮ್ಮ ಕೇಳ್ತಾನ, "ಅಕ್ಕಾ, ನಾನೂ ಸೇರ್ಲೇನು?"

ಮೊದಲು ಯಾವ ಪರೀಕ್ಷೆ ಅನ್ನೋದು ನೋಡಬೇಕು. ಇಂಜಿನಿಯರಿಂಗಿನ ಸಿಇಟಿ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೋಚಿಂಗ್ ಬೆನ್ನು ಹತ್ತಿ ಪಿಯುಸಿ ಕೆಡಿಸಿಕೊಂಡ್ರ ಲಾಭ ಏನು? ನೀಟ್ ಬ್ಯಾರೆ ಮಾತು. ತಪ್ಪು ಉತ್ತರಕ್ಕ ಒಂದು ಅಂಕ ಹೋಗ್ತದ, ಅದಕ್ಕ ಬ್ಯಾರೆ ತಯಾರಿನೇ ಬೇಕು.

ಆಮೇಲೆ ಹಳೇ ಸಿಇಟಿ ಫಿಸಿಕ್ಸ್ ಪೇಪರ್ ತಗೊಂಡು, ಮುಂದ ಗಡಿಯಾರ ಇಟ್ಟು, 80 ನಿಮಿಷದಾಗ 60 ಪ್ರಶ್ನೆ ಬಿಡಿಸ್ರಿ. ತಪ್ಪಾದ ಪ್ರಶ್ನೆ ಮುಂದ, ಪಾಠನೇ ತಿಳಿದಿಲ್ಲಂದ್ರ 'ಪಾಠ' ಅಂತ, ಟೈಮ್ ಸಾಲದೆ ತಪ್ಪಾಗಿದ್ರ 'ಟೈಮ್' ಅಂತ ಬರೀರಿ. ಟೈಮ್ ಜಾಸ್ತಿ ಇದ್ರ ಮನ್ಯಾಗ ಕೂತು ಬಿಡಿಸಿದ್ರ ಸಾಕು. ಪಾಠ ಜಾಸ್ತಿ ಇದ್ರ ಮೊದಲು ಕಾಲೇಜಿನ ಸರ್‌ನ ಕೇಳ್ರಿ, ಅದಕ್ಕೇನು ಫೀ ಇಲ್ಲ.

ತಮ್ಮನ ಹಾಳ್ಯಾಗ 'ಪಾಠ' ಅಂತ ಹದಿನಾಲ್ಕು ಕಡೆ ಇತ್ತು, ಬಹಳಷ್ಟು ಕರೆಂಟಿನ ಪಾಠದ್ದೇ. ವರ್ಷದ ಫೀ ಒಮ್ಮೆಲೇ ಕಟ್ಟೋದು ಬ್ಯಾಡ ಅಂದೆ. ಭಾನುವಾರ ಫಿಸಿಕ್ಸಿಗಷ್ಟೇ ಹೋಗ್ತಾನ.