ವಯಸ್ಸಾದವರ ಔಷಧ ವೆಚ್ಚ: ಮೊದಲು ಪಟ್ಟಿಯನ್ನು ಪರಿಶೀಲಿಸಿ

ಇಳಿವಯಸ್ಸಿನಲ್ಲಿ ಔಷಧಗಳ ವೆಚ್ಚವನ್ನು ತಗ್ಗಿಸಬೇಕೆಂದಿರುವವರು, ಕಡಿಮೆ ಬೆಲೆಯ ಅಂಗಡಿಯನ್ನು ಹುಡುಕುವ ಮೊದಲು, ಬೇರೆ ಬೇರೆ ವೈದ್ಯರು ಬರೆದುಕೊಟ್ಟ ಎಲ್ಲ ಮಾತ್ರೆಗಳನ್ನೂ ತಾವಾಗಿಯೇ ಕೊಳ್ಳುವ ವಿಟಮಿನ್‌ಗಳನ್ನೂ ಒಂದೇ ಹಾಳೆಯಲ್ಲಿ ಬರೆದು, ಪ್ರತಿಯೊಂದೂ ಇಂದಿಗೂ ಅಗತ್ಯವೇ ಎಂದು ಒಬ್ಬ ವೈದ್ಯರಲ್ಲಿ ಕೇಳುವುದು ಒಳ್ಳೆಯದು. ಒಂದು ಮಾತ್ರೆಯ ಅಡ್ಡಪರಿಣಾಮಕ್ಕೆಂದು ಇನ್ನೊಂದು ಮಾತ್ರೆ ಸೇರಿಕೊಂಡಿರುವುದು ಅಪರೂಪವೇನಲ್ಲ; ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್‌ನಿಂದ ಕಾಲು ಊದಿಕೊಂಡಾಗ, ಕಾರಣವನ್ನು ಗುರುತಿಸದೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಆರಂಭಿಸುವುದು ಇದಕ್ಕೊಂದು ಉದಾಹರಣೆ. ನನ್ನ ದೃಷ್ಟಿಯಲ್ಲಿ ದೊಡ್ಡ ಉಳಿತಾಯ ಇರುವುದು ಇಲ್ಲಿಯೇ. ಆದರೆ ಯಾವುದನ್ನೂ ತಾವಾಗಿಯೇ ನಿಲ್ಲಿಸಬಾರದು.

ಅನಂತರ ಜನರಿಕ್ ಔಷಧಗಳ, ಎಂದರೆ ದುಬಾರಿ ಬ್ರ್ಯಾಂಡ್‌ಗಳ ಬದಲು ಕಡಿಮೆ ಬೆಲೆಗೆ ಸಿಗುವ ಔಷಧಗಳ ಬಗ್ಗೆ ವಿಚಾರಿಸಿ. ಅವುಗಳಲ್ಲಿ ಬ್ರ್ಯಾಂಡ್ ಔಷಧದಲ್ಲಿರುವ ಅದೇ ಔಷಧಾಂಶ ಅದೇ ಪ್ರಮಾಣದಲ್ಲಿರುತ್ತದೆ. ಆದರೂ ಥೈರಾಯ್ಡ್, ಅಪಸ್ಮಾರದ ಮಾತ್ರೆಗಳನ್ನು ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಯಿಸುವಾಗ ವೈದ್ಯರಿಗೆ ತಿಳಿಸಿರಬೇಕು. ಹೊಸ ಮಾತ್ರೆಯನ್ನು ಮೊದಲ ಸಲ ಸ್ವಲ್ಪವೇ ಕೊಳ್ಳಿ, ಒಗ್ಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹೆಚ್ಚಿನ ಪ್ರಮಾಣದ ಮಾತ್ರೆಯನ್ನು ಅರ್ಧ ಮಾಡಿ ನುಂಗುವುದು ಕೆಲವೊಮ್ಮೆ ಅಗ್ಗವಾದರೂ, ನಿಧಾನವಾಗಿ ಕರಗುವಂತೆ ತಯಾರಿಸಿದ್ದನ್ನು ಕೇಳದೆ ಮುರಿದರೆ ಔಷಧವೆಲ್ಲ ಒಮ್ಮೆಲೇ ದೇಹಕ್ಕೆ ಸೇರುವ ಅಪಾಯವಿದೆ. ಹಣ ಸಾಲದೆ ಮಾತ್ರೆ ಬಿಡುವ ಪರಿಸ್ಥಿತಿ ಬಂದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ಅದೇ ಗುಂಪಿನ ಕಡಿಮೆ ಬೆಲೆಯ ಔಷಧ ಹಲವು ಸಲ ಸಿಗುತ್ತದೆ.